ಕೈಯಲ್ಲಿ ಉಳಿದ ಕಡಲೆ

ಕುಕನೂರು ದಾಟಿದ ಮೇಲೆ ಬಸ್ಸು ಕೆಟ್ಟು ಒಂದು ಸಂತೆಯ ಮುಂದೆ ನಿಂತಿತು. ಇಳಿದು ನೋಡಿದರೆ, ಬೇವಿನ ಮರದಡಿ ಜನ ಸಾಲಾಗಿ ನಿಂತು ಮಡಕೆಗೆ ಕಾಳು ಹಾಕುತ್ತಿದ್ದರು. ಊರಿಗೊಂದು ಆಂಬುಲೆನ್ಸ್ ಇಟ್ಟುಕೊಳ್ಳಲು ಸಂತೆಯಲ್ಲಿ ಮಾರುವ ಪ್ರತಿ ಚೀಲದ ಮೇಲೆ ವಂತಿಗೆಯ ಪಟ್ಟಿ ಎತ್ತಬೇಕೋ ಬೇಡವೋ ಎಂದು ಮತದಾನವಂತೆ. ಕಡಲೆ ಹಾಕಿದರೆ ಒಪ್ಪಿಗೆ, ಜೋಳ ಹಾಕಿದರೆ ಬೇಡ.

ನನಗೆ ಹೊಟ್ಟೆ ಉರಿಯಿತು. ನಮ್ಮದು ಗಂಗಾವತಿ ಕಡೆಯ ಕಾಲುವೆ ಸೀಮೆ, ವರ್ಷಕ್ಕೆ ಎರಡು ಬೆಳೆ ಭತ್ತ. ಆದರೂ ಹೋದ ವರ್ಷ ಅಕ್ಕನನ್ನು ಆಸ್ಪತ್ರೆಗೆ ಒಯ್ದದ್ದು ಟ್ರ್ಯಾಕ್ಟರಿನಲ್ಲಿ. ಹಾದಿಯಲ್ಲೇ ತೀರಿಕೊಂಡಳು. ಮಳೆ ನಂಬಿ ಬದುಕುವ ಈ ಮಂದಿಗೆ ಹೊಳೆದದ್ದು ನಮಗೇಕೆ ಹೊಳೆಯಲಿಲ್ಲ?

"ಸಂತಿಗೆ ಬಂದಾವ್ರೆಲ್ಲಾ ಹಾಕ್ಬೇಕ್ರಿ, ಅಣ್ಣಾರ," ಎಂದು ಮಡಕೆ ಕಾಯುತ್ತಿದ್ದ ಬಳೆ ಮಾರುವ ಮುದುಕಿ ನನ್ನ ಅಂಗೈಗೆ ಎರಡೂ ಕಾಳು ಇಟ್ಟಳು.

ಹೊಟ್ಟೆಕಿಚ್ಚಿನಲ್ಲಿ ಜೋಳವನ್ನೇ ಹಾಕಿದೆ. ಹಾಕಿದ ಮೇಲೆ ನಾಚಿಕೆಯಾಗಿ, "ನಾ ಈ ಊರಾವಲ್ಲಬೇ," ಎಂದೆ.

"ಅದಕ್ಕೇನಾತ್ರಿ? ನಾಳೆ ಹಾದ್ಯಾಗ ನೀವು ಬಿದ್ರ, ಯಾವೂರಂತ ಕೇಳಿ ಗಾಡಿ ಕಳಸ್ತೀವೇನ್ರಿ?"

ಬಸ್ಸು ರಿಪೇರಿಯಾಗಿ ಯಲಬುರ್ಗಾ ಮುಟ್ಟಿದಾಗಲೂ ಆ ಕಡಲೆ ನನ್ನ ಮುಷ್ಟಿಯಲ್ಲೇ ಇತ್ತು.