ಹತ್ತೊಂಬತ್ತು ದಿನಗಳನ್ನು ಮುಚ್ಚಿಡದ ದೊರೆಸ್ವಾಮಿಯವರು

ಆಡಳಿತದಲ್ಲಿ ಸಹಿ ಹಾಕುವವರಿಗೆ ಹೆಸರು ಬರುತ್ತದೆ. ಕಾಗದಕ್ಕೆ ದಿನಾಂಕದ ಸೀಲು ಒತ್ತಿ ಸರಿಯಾದ ಮೇಜಿಗೆ ತಲುಪಿಸುವವರನ್ನು ಯಾರೂ ಕೇಳುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಸರ್ಕಾರಿ ಕಚೇರಿಗಳಲ್ಲಿ ಮೂವತ್ತನಾಲ್ಕು ವರ್ಷ ಆ ಕೆಲಸವನ್ನೇ ಮಾಡಿ ಇದೀಗ ನಿವೃತ್ತರಾಗುತ್ತಿರುವ ಉಡಿಗಾಲದ ಶ್ರೀ ದೊರೆಸ್ವಾಮಿಯವರು ಅಂಥ, ಯಾರೂ ಕೇಳದವರ ಸಾಲಿನವರು. ಟೀ ಕುಡಿಯಲು ಹೋದರೂ ಸೀಲು ಅವರ ಜೇಬಿನಲ್ಲೇ ಇರುತ್ತಿತ್ತು. ಅವರ ಬಿಳಿ ಶರಟುಗಳೆಲ್ಲ ನೇರಳೆ ಕಲೆಯವೇ ಎಂದು ಸಹೋದ್ಯೋಗಿಗಳಾದ ನಾವು ಗೇಲಿ ಮಾಡುತ್ತಿದ್ದೆವು.

ಅಷ್ಟು ಜಾಗರೂಕರು ಒಮ್ಮೆ ತಪ್ಪಿದರು. ಗಲಾಟೆಯೊಂದರ ನಂತರ ಉಮ್ಮತ್ತೂರಿನ ಶಶಿಕುಮಾರನನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ, ವಿಚಾರಣೆಯೇ ಇಲ್ಲದೆ, ಮುಂಜಾಗ್ರತೆಯಾಗಿ ಬಂಧನದಲ್ಲಿಟ್ಟಿದ್ದರು. ಆಗಸ್ಟ್ ಮೂರರಂದು ಅವನ ತಾಯಿ ಬಸವಮ್ಮನವರು ಬಿಡುಗಡೆ ಕೋರಿದ ಮಗನ ಮನವಿಯನ್ನು ಚಾಮರಾಜನಗರದ ಕಚೇರಿಗೆ ತಂದುಕೊಟ್ಟರು. ಅಂದು ಪಿಂಚಣಿ, ಪಡಿತರದ ಅರ್ಜಿಗಳ ನೂಕುನುಗ್ಗಲು. ದೊರೆಸ್ವಾಮಿಯವರು ಸೀಲು ಒತ್ತಿ, ಓದದೆ, ಅದನ್ನೂ ಅದೇ ಕಟ್ಟಿಗೆ ಸೇರಿಸಿಬಿಟ್ಟರು. ಕೂಡಲೇ ಪರಿಶೀಲಿಸಬೇಕಾಗಿದ್ದ ಮನವಿ ಅಧಿಕಾರಿಗಳ ಮೇಜು ಮುಟ್ಟಿದ್ದು ಇಪ್ಪತ್ತೆರಡರಂದು.

ಬಸವಮ್ಮನವರು ಹೈಕೋರ್ಟಿಗೆ ಹೋದರು. ಕಚೇರಿ ಉತ್ತರ ಕೊಡಬೇಕಾಯಿತು.

"ಇಪ್ಪತ್ತೆರಡಕ್ಕೆ ಬಂತು ಅಂತ ಬರೀರಿ ಸ್ವಾಮಿ, ಯಾರು ನೋಡ್ತಾರೆ?" ಎಂದರು ಮೇಲಿನವರೊಬ್ಬರು.

"ಮೂರಕ್ಕೆ ಸೀಲು ಒತ್ತಿರೋನು ನಾನು ಸಾರ್. ಓದದೆ ಕಟ್ಟಿಗೆ ಸೇರಿಸಿದೋನೂ ನಾನೇ," ಎಂದರು ದೊರೆಸ್ವಾಮಿಯವರು. ಆ ಮಾತನ್ನೇ ಬರೆದು ಸಹಿ ಹಾಕಿ ಕಡತಕ್ಕೆ ಸೇರಿಸಿದರು. ಆ ಹೊತ್ತಿಗೆ ಅವರ ಬಡ್ತಿಯ ಪಟ್ಟಿ ಸಿದ್ಧವಾಗುತ್ತಿತ್ತು.

ಶಶಿಕುಮಾರ ಒಳ್ಳೆಯವನೋ ಕೆಟ್ಟವನೋ ಎಂಬ ಗೊಡವೆಗೆ ನ್ಯಾಯಾಲಯ ಹೋಗಲಿಲ್ಲ. ಹತ್ತೊಂಬತ್ತು ದಿನ ಕಾಗದ ಎಲ್ಲಿತ್ತು ಎಂದಷ್ಟೇ ಕೇಳಿ, ಒಪ್ಪುವಂಥ ಉತ್ತರ ಸಿಗದೆ, ಬಂಧನದ ಆದೇಶವನ್ನು ರದ್ದುಪಡಿಸಿತು. ಹುಡುಗ ಮನೆಗೆ ಬಂದ. ದೊರೆಸ್ವಾಮಿಯವರಿಗೆ ನೋಟಿಸು ಬಂತು, ಬಡ್ತಿ ಆರು ವರ್ಷ ಹಿಂದೆ ಬಿತ್ತು, ಗುಂಡ್ಲುಪೇಟೆಗೆ ವರ್ಗವೂ ಆಯಿತು.

ಹೊರಡುವ ಮುನ್ನ ಅವರು ಉಮ್ಮತ್ತೂರಿನ ಬಸ್ಸು ಹತ್ತಿ ಬಸವಮ್ಮನವರ ಮನೆಗೆ ಹೋದರು. "ತಪ್ಪು ನಂದು ಕಣವ್ವ," ಎಂದು ಕೈಮುಗಿದರು.

ಆ ತಾಯಿ ಒಳಗಿನಿಂದ ಚಾಪೆ ತಂದು ಹಾಸಿದರಂತೆ. "ಆ ಹತ್ತೊಂಬತ್ ದಿನ ನಾ ಮರೆಯಕ್ಕಿಲ್ಲ ಕಣಪ್ಪ. ನೀನು ನಿಜ ಏಳುದ್ದುನ್ನೂವೆ ಮರೆಯಕ್ಕಿಲ್ಲ. ಕೂತ್ಕೊ, ಉಂಡ್ಕಂಡು ಓಗು."

ಗುಂಡ್ಲುಪೇಟೆಯಲ್ಲಿ ಅವರು ಯಾವ ಅರ್ಜಿ ಬಂದರೂ, ದನದ ಕೊಟ್ಟಿಗೆಯದೇ ಇರಲಿ, ಮೊದಲು ಕೇಳುತ್ತಿದ್ದುದು ಒಂದೇ ಮಾತು: "ನಿಮ್ಮವರು ಯಾರಾದ್ರೂ ಜೈಲೊಳಗವ್ರಾ?" ಹೊಸಬರು ನಗುತ್ತಿದ್ದರು. ಆಮೇಲಾಮೇಲೆ ಅವರೂ ಹಾಗೆಯೇ ಕೇಳತೊಡಗಿದರು.

ಅವರ ನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯುತ್ತೇವೆ ಎಂದಾಗ ದೊರೆಸ್ವಾಮಿಯವರು ಬೇಡವೆನ್ನಲಿಲ್ಲ. ಇನ್ನು ಮನೆಯ ಜಗಲಿಯಲ್ಲಿ ಕೂತು ಬಡವರಿಗೆ ಅರ್ಜಿ ಬರೆದುಕೊಡುವರಂತೆ. ಅದಕ್ಕೆ ಬೇಕಾದ ಕಣ್ಣು, ಕೈ, ಆಯುಸ್ಸು ಅವರಿಗೆ ದಂಡಿಯಾಗಿ ದೊರೆಯಲಿ. ಅವರು ಕೇಳಿಕೊಂಡದ್ದು ಇಷ್ಟೇ: "ಏನಾದ್ರೂ ಬರ್ಕೊಳ್ಳಿ, ಆ ಹತ್ತೊಂಬತ್ತು ದಿನ ಮಾತ್ರ ಬುಡಬ್ಯಾಡಿ."

ಬಿಟ್ಟಿಲ್ಲ, ದೊರೆಸ್ವಾಮಿಯವರೇ.