ಕುಕ್ಕರಿನಲ್ಲಿ ಗೋವಿನಜೋಳದ ನುಚ್ಚು

ಅತ್ತೆ ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಎರಡು ದಿನವಾಗಿತ್ತು. ರೊಟ್ಟಿ ಅಗಿಯಲಾಗದು, ಬರೀ ಹಾಲು ಕಂಡರೆ ಮುಖ ತಿರುಗಿಸುವರು. ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಬಳಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಯಾರಾದರೂ ಹಾಗೆ ನೋಡುತ್ತ ಕೂತರೆ ನನಗೆ ಮೈ ಉರಿಯುತ್ತದೆ.

ಗೋವಿನಜೋಳದ ನುಚ್ಚಿಗೆ ನೀರು ಧಾರಾಳವಾಗಿ ಹಾಕಿ ಕುಕ್ಕರ್ ಏರಿಸಿದ್ದೆ. ಎಷ್ಟು ಹೊತ್ತಾದರೂ ಸೀಟಿ ಆಗಲಿಲ್ಲ. ಆಮೇಲೆ ಬುಸುಗುಟ್ಟುವ ಸದ್ದೂ ನಿಂತಿತು. ನುಚ್ಚು ಉಕ್ಕಿ ಸೀಟಿಯ ಕಂಡಿಗೆ ಕಟ್ಟಿಕೊಂಡಿತ್ತು. ಗ್ಯಾಸ್ ಆರಿಸಿ ಗೋಡೆಗೆ ಸರಿದು ನಿಂತೆ. ಮಾವ ಒಳಗೆ ಬಂದು ಮುಚ್ಚಳಕ್ಕೆ ಕೈ ಹಾಕಲು ಹೋದಾಗ, "ಮುಟ್ಟಬ್ಯಾಡ್ರಿ!" ಎಂದು ಚೀರಿದೆ. ಕುಕ್ಕರ್ ತಣ್ಣಗಾಗುವವರೆಗೆ ಕಾದೆವು.

ತೆರೆದರೆ ತಳ ಚೂರು ಹತ್ತಿತ್ತು, ಮೇಲಿನದು ಮೆತ್ತಗೆ ಬೆಂದಿತ್ತು. ಅದನ್ನಷ್ಟೇ ಬಟ್ಟಲಿಗೆ ತೆಗೆದು ಹಾಲು, ಬೆಣ್ಣೆ ಹಾಕಿ ಕಡೆಗೋಲಿನಿಂದ ಕಡೆದೆ. ಮಾವ ಬಟ್ಟಲನ್ನು ಎತ್ತಿಕೊಂಡು, ಚೂರು ತೆಗೆದು ಎರಡು ಬೆರಳ ನಡುವೆ ಎಳೆದು ನೋಡಿದರು. ಬೆಟಗೇರಿಯಲ್ಲಿ ಜೀವಮಾನವಿಡೀ ನೂಲಿನ ಸೀರೆ ನೇಯ್ದವರು. ಹೋದ ವರ್ಷ ಯಾರನ್ನೂ ಕೇಳದೆ ಮಗ್ಗ ಮಾರಿದ್ದರು. ಅತ್ತೆ ಆ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಹದಾ ಭಾಳ ಚಲೋ ಬಂದೈತಿ. ನೂಲಿಗೆ ಹಚ್ಚೂ ಗಂಜಿ ಹಿಂಗ ಇರಬೇಕು ನೋಡವಾ," ಎಂದರು ಮಾವ.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಾಯಿಂದ ಸೆರಗು ತೆಗೆದರು.

"ಗಂಜಿ ಹಚ್ಚಾಕ ಮಗ್ಗ ಎಲ್ಲಿ ಉಳಿಸೀರಿ? ತರ್ರಿ ಇತ್ತ, ಉಣ್ತೀನಿ."