ನೆನಪಿಲ್ಲದ ನೋವಿಗೆ ಸಾಕ್ಷಿ

ಸಿಸ್ಟರ್ ಅವರ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಸದಾ ಉಗುರಿನ ಗುರುತುಗಳಿರುತ್ತಿದ್ದವು. ಕೆಲವು ಹಳೆಯವು, ಬಿಳಿಚಿಕೊಂಡವು. ಕೆಲವು ಅದೇ ವಾರದವು, ಹಕ್ಕಳೆಗಟ್ಟಿದವು. ಆ ಮಣಿಕಟ್ಟು ಖಾಲಿಯಿರಲೆಂದೇ ಅವರು ಗಡಿಯಾರವನ್ನು ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದರು. ರೋಗಿಯ ಮೂಳೆ ಕೂರಿಸುವಾಗ, ಗಾಯ ತೊಳೆಯುವಾಗ ತಮ್ಮ ಕೈಯನ್ನೇ ಮುಂದೆ ಚಾಚಿ, "ಹಿಡ್ಕೊಳ್ಳಿ, ಬಿಡ್ಬೇಡಿ" ಎನ್ನುವುದು ಅವರ ಪದ್ಧತಿ. "ನಂಗೇನೂ ಆಗಲ್ಲ ಸಿಸ್ಟರ್" ಎಂದು ಮೀಸೆ ತಿರುವುವ ಗಂಡಸರನ್ನು ಕಂಡರೆ ಅವರಿಗೆ ನಗು. "ನೋಡ್ತಿರಿ, ಜಾಸ್ತಿ ಉಗುರು ಊರೋರು ಇವ್ರೇ."

ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಅವರು ಬಹಳ ವರ್ಷಗಳಿಂದ ನರ್ಸ್ ಆಗಿದ್ದರು. ನಾನು ಮೂಡಲಪಾಳ್ಯದ ಶಾಲೆಯೊಂದರ ಕನ್ನಡ ಟೀಚರ್. ಹೇರೋಹಳ್ಳಿಯ ಕಡೆ ರಸ್ತೆಯೆಂದು ಕರೆಯುವ ಗುಂಡಿಗಳ ಸಾಲಿನಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡು ಅವರ ಕೈಗೆ ಸಿಕ್ಕಿದೆ. ಡಾಕ್ಟರು ಬಂದರು, ಗಡಿಯಾರ ನೋಡಿಕೊಂಡರು, "ಒಂದು ಇಂಜೆಕ್ಷನ್ ಅಷ್ಟೆ ಮೇಡಂ" ಎಂದರು. ಆಮೇಲಿನ ನೆನಪು ಪ್ಲಾಸ್ಟರ್ ಹಾಕಿದ ಕೈಯದು. ನಡುವಿನದು ಏನೂ ಇಲ್ಲ. ನಾನು ಡಾಕ್ಟರಿಗೆ ಎಡಗೈಯಲ್ಲೇ ನಮಸ್ಕಾರ ಮಾಡಿ ಮನೆಗೆ ಬಂದೆ.

ಮೂರನೆಯ ದಿನ ಕೈ ತೋರಿಸಲು ಹೋದಾಗ ಮ್ಯಾನೇಜರು ತಮ್ಮ ಕೋಣೆಗೆ ಕರೆಸಿದರು. ಸಿಸ್ಟರ್ ಗೋಡೆಗೊರಗಿ ನಿಂತಿದ್ದರು.

"ಮೇಡಂ, ಅವತ್ತು ನಿಮಗೆ ನೋವಾಯ್ತಾ?"

"ಇಲ್ಲ ಸಾರ್, ಒಂಚೂರೂ ಇಲ್ಲ. ಡಾಕ್ಟರ ಕೈಗುಣ ಚೆನ್ನಾಗಿದೆ."

ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಕೇಳಿದರು. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಹಾಕಿದೆ. ಯಾಕೆ ಎಂದು ಕೇಳಬೇಕೆಂದೂ ಹೊಳೆಯಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಟೀಚರ್ ನಾನು!

ಹೊರಗೆ ಬಂದ ಮೇಲೆ ಸಿಸ್ಟರ್ ತಮ್ಮ ಮಣಿಕಟ್ಟು ತಿರುಗಿಸಿ ತೋರಿಸಿದರು. ನಾಲ್ಕು ಹೊಸ ಗುರುತು.

"ಇವು ನಿಮ್ಮವು ಮೇಡಂ."

ಅಂದು ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ಇಂಜೆಕ್ಷನ್ನುಗಳಲ್ಲಿ ನೋವು ತಡೆಯುವುದು ಬೇರೆ, ಮಂಪರು ತರಿಸಿ ನಡೆದದ್ದನ್ನು ಮರೆಸುವುದು ಬೇರೆ. ಎರಡನ್ನೂ ಕೊಡಬೇಕು, ನೋವಿನ ಮದ್ದು ಹಿಡಿಯುವವರೆಗೆ ಕಾಯಬೇಕು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಮರೆಸುವುದನ್ನಷ್ಟೇ ಕೊಟ್ಟು ಮೂಳೆ ಎಳೆದಿದ್ದರು. "ನೋವಿಂದು ಕೊಟ್ಟಿಲ್ಲ ಸಾರ್" ಎಂದು ಸಿಸ್ಟರ್ ಅಂದದ್ದಕ್ಕೆ, "ಹೆಂಗೂ ನೆನಪಿರಲ್ಲ ಬಿಡ್ರೀ" ಎಂದಿದ್ದರಂತೆ. ನಾನು ಮೂರು ಸಲ "ಅಮ್ಮಾ, ನಿಲ್ಸಿ" ಎಂದು ಕಿರುಚಿದ್ದೆನಂತೆ. ಅದನ್ನು ಸಿಸ್ಟರ್ ಕಾಗದದ ಮೇಲೆ ಬರೆದು ಕೊಟ್ಟಿದ್ದರು. ಆ ದೂರನ್ನು ಸುಳ್ಳು ಮಾಡಲು ಮ್ಯಾನೇಜರು ನನ್ನನ್ನು ಕರೆಸಿದ್ದರು.

ಆಗ ನಾನು ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. "ನೆನಪೇ ಇಲ್ವಲ್ಲ ಸಿಸ್ಟರ್, ಹೋಗ್ಲಿ ಬಿಡಿ" ಎಂದಿದ್ದೆ.

ಅವರ ಕಣ್ಣು ಕೆಂಪಾಯಿತು. "ನೆನಪಿಲ್ದೇ ಇದ್ರೆ ಆಗೇ ಇಲ್ಲ ಅಂತಾನಾ? ಹಸುಗೂಸಿಗೆ ಸೂಜಿ ಚುಚ್ಚಿದ್ದು ನೆನಪಿರುತ್ತಾ? ಹಂಗಂತ ಕಂಡಕಂಡಂಗೆ ಚುಚ್ತೀರಾ? ಆ ಹೊತ್ತಲ್ಲಿ ಅಲ್ಲಿ ಮಲಗಿದ್ದೋರು ನೀವಲ್ದೆ ಇನ್ಯಾರು ಮೇಡಂ?"



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಡಾಕ್ಟರ ಕೋಣೆಯ ಮುಂದೆ ಮರುದಿನವೂ ರೋಗಿಗಳ ಅದೇ ಸಾಲು. ಸಿಸ್ಟರನ್ನು ಮಾತ್ರ 'ಸುಳ್ಳು ದೂರು' ಎಂದು ಮನೆಗೆ ಕಳಿಸಿದರು. ವಿಷಯ ತಿಳಿದು ನಾನು ಓಡಿಹೋದೆ. ಮ್ಯಾನೇಜರು ನನ್ನದೇ ಸೊಟ್ಟ ಸಹಿಯನ್ನು ನನಗೆ ತೋರಿಸಿದರು. "ನೋವಾಗಿಲ್ಲ ಅಂತ ನೀವೇ ಬರೆದುಕೊಟ್ಟಿದೀರಲ್ಲ ಮೇಡಂ. ಈಗ ನೆನಪು ಬಂತಾ?" ಎಂಥ ನಾಜೂಕಿನ ಕೇಡು ನೋಡಿ! ನೋವು ಕೊಟ್ಟವರೇ ನೆನಪನ್ನೂ ಅಳಿಸುತ್ತಾರೆ, ಆಮೇಲೆ ಸಾಕ್ಷಿ ಎಲ್ಲಿ ಎಂದು ನಮ್ಮನ್ನೇ ಕೇಳುತ್ತಾರೆ.

ಸಿಸ್ಟರ್ ಹೇರೋಹಳ್ಳಿಯ ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿಕೊಂಡರು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಅವರ ಮನೆ. ಭಾನುವಾರ ನಾನು ಹೋದರೆ ಅವರೆಕಾಳು ಉಪ್ಪಿಟ್ಟು ಮಾಡಿ, ತಿನ್ನುವವರೆಗೆ ಎದುರಿಗೇ ಕೂರುತ್ತಿದ್ದರು. ನನ್ನ ಮೇಲೆ ಸಿಟ್ಟಿರಲಿಲ್ಲ. "ನೀವು ಸುಳ್ಳು ಹೇಳಿಲ್ಲ ಬಿಡಿ, ನಿಮಗೆ ಗೊತ್ತಿರ್ಲಿಲ್ಲ ಅಷ್ಟೆ" ಎನ್ನುತ್ತಿದ್ದರು. ಆದರೆ ಒಂದು ಕೇಳಿದ್ದರು: "ಕೈ ವಾಸಿಯಾದ್ಮೇಲೆ ನಿಜ ಏನೂಂತ ಬರೆದುಕೊಡಿ ಮೇಡಂ. ಕೆಲಸಕ್ಕಲ್ಲ. ಸುಳ್ಳುಗಾತಿ ಅನ್ನಿಸ್ಕೊಂಡಿದೀನಲ್ಲ, ಅದಕ್ಕೆ."

ಕೈ ವಾಸಿಯಾಯಿತು. ಕಪ್ಪುಹಲಗೆಯ ಮೇಲೆ ದಿನವೂ ಬರೆದೆ. ಅದೊಂದನ್ನು ಬರೆಯಲಿಲ್ಲ. ನೆನಪಿಲ್ಲದ್ದನ್ನು ಹೇಗೆ ಬರೆಯಲಿ, ಯಾರಾದರೂ ನಕ್ಕರೆ, ಡಾಕ್ಟರು ಕೋರ್ಟಿಗೆ ಎಳೆದರೆ... ನೆಪಗಳಿಗೇನು ಬರವೇ? ಪರೀಕ್ಷೆ ಮುಗಿಯಲಿ ಎಂದೆ, ರಜೆ ಬರಲಿ ಎಂದೆ. ಅವರು ಎರಡನೆಯ ಸಲ ಕೇಳಲಿಲ್ಲ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಾಗಿಲಲ್ಲೇ ಎದೆ ಹಿಡಿದು ಕುಸಿದರಂತೆ. ನಾನು ಹೋಗುವಷ್ಟರಲ್ಲಿ ಹೊರಗೆ ಮಲಗಿಸಿದ್ದರು. ಅವರ ತಂಗಿ ಕೈಗಳನ್ನು ನೇರ ಮಾಡುತ್ತಿದ್ದರು. ಎಡಗೈ ಒಂದು ಗಳಿಗೆ ಅಂಗಾತವಾಯಿತು. ಮಣಿಕಟ್ಟಿನ ಮೇಲೆ ಮೂರು ಗುರುತು, ಇನ್ನೂ ಕೆಂಪಗಿದ್ದವು. ಹಿಂದಿನ ದಿನ ಯಾರೋ ಹಿಡಿದುಕೊಂಡದ್ದು. ಅವರು ಯಾರೋ, ಅವರಿಗೆ ನೆನಪಿದೆಯೋ ಇಲ್ಲವೋ, ನನಗೆ ತಿಳಿಯದು.

ಮನೆಗೆ ಬಂದು, ಸಿಸ್ಟರ್ ಮೂಳೆ ಕೂರಿಸಲು ನೆರವಾದ ಅದೇ ಬಲಗೈಯಲ್ಲಿ, ದುಂಡಗೆ ಬರೆದೆ. ಮರುದಿನ ನರ್ಸಿಂಗ್ ಹೋಮಿಗೆ ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟು, ತಲುಪಿದ್ದಕ್ಕೆ ಸಹಿ ಹಾಕಿ ಎಂದು ನಿಂತೆ. ಅದರಲ್ಲಿದ್ದದ್ದು ಇಷ್ಟೆ: "ನನಗೆ ನೆನಪಿಲ್ಲ. ಆದರೆ ನನಗೆ ನೋವಾಗಿತ್ತು. ನಿಮ್ಮ ಸಿಸ್ಟರ್ ಹೇಳಿದ್ದು ನಿಜ."